ಕ್ಯಾರಿಯರಿನ ಢಣಢಣ

ಹೋಟೆಲಿನಿಂದ ಇಡ್ಲಿ ಸಾಂಬಾರು ತರಲು ಕಮಲಾಕ್ಷಮ್ಮ ಅಂದು ಅಟ್ಟದ ಮೇಲಿದ್ದ ಹಳೆಯ ಸ್ಟೀಲ್ ಕ್ಯಾರಿಯರನ್ನು ಇಳಿಸಿದರು. ಬಹುಕಾಲದ ಮೇಲೆ ಬೀದಿ ಕಂಡ ಕ್ಯಾರಿಯರಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಅದರ ಹಿಡಿ ಸಡಿಲ; ಹೆಜ್ಜೆಹೆಜ್ಜೆಗೂ ಢಣ್, ಢಣ್! ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

ಹೋಟೆಲಿನ ಮೊಳೆಗೆ ನೇತಾಡುತ್ತಿದ್ದ ಪ್ಲಾಸ್ಟಿಕ್ ಕವರು ಮೂಗು ಮುರಿಯಿತು. "ಎಲೈ ಡಬ್ಬಿಯೇ, ಏನಿದು ರಂಪ? ನನ್ನನ್ನು ನೋಡಿ ಕಲಿ. ಸದ್ದಿಲ್ಲದೆ ಮನೆಗೆ ಹೋಗುತ್ತೇನೆ, ಸದ್ದಿಲ್ಲದೆ ಚರಂಡಿ ಸೇರುತ್ತೇನೆ. ಬದುಕಿದರೆ ಹಾಗೆ ಬದುಕಬೇಕು!"

ಕ್ಯಾರಿಯರಿನ ಮುಖ ಸಪ್ಪಗಾಯಿತು. 'ಅಮ್ಮನ ಮಾನ ಕಳೆದೆ. ನಾಳೆ ನನಗೆ ಮತ್ತೆ ಅಟ್ಟವೇ ಗತಿ' ಎಂದು ಮುಚ್ಚಳ ಬಿಗಿಹಿಡಿದು ಮನೆಗೆ ಹೊರಟಿತು. ಆದರೂ ದಾರಿಯುದ್ದಕ್ಕೂ ಢಣ್ ಎನ್ನದೆ ಬಿಡಲಿಲ್ಲ.

ಮರುದಿನ ಅಮ್ಮ ಅದನ್ನೇ ಹಿಡಿದು ಬೀದಿಗಿಳಿದರೆ ಎದುರುಮನೆಯಿಂದ ಢಣ್! ಮೂಲೆಮನೆಯಿಂದ ಟಣ್!

"ನಿಮ್ಮದರ ಸದ್ದು ಕೇಳಿ ನಮ್ಮದೂ ಅಟ್ಟದಲ್ಲಿರೋದು ನೆನಪಾಯ್ತು ಕಣ್ರೀ" ಎಂದರು ಎದುರುಮನೆಯವರು.

ಡಬ್ಬಿ, ಬೋಸಿ, ಹಾಲಿನ ಕ್ಯಾನು ಎಲ್ಲ ಸೇರಿ ದಿಬ್ಬಣವೇ ಹೊರಟಿತು. ಮುಂದಾಳಾದ ಕ್ಯಾರಿಯರು ನಾಚಿಕೆ ಬಿಟ್ಟು, ಹಿಡಿ ಕಿತ್ತುಬರುವಂತೆ ಕುಣಿಯಿತು.

ಮೊಳೆಯ ಮೇಲಿನ ಕವರು ಏನೋ ಬೈಯಿತು. ಆ ಢಣಢಣದಲ್ಲಿ ಯಾರಿಗೂ ಕೇಳಿಸಲಿಲ್ಲ.