ಟೊಳ್ಳುಗೋಡೆಯ ಮೂರು ಒಗಟು

"ಕೇಳಿರಪ್ಪೋ ಕೇಳಿ! ಬರುವ ಅಮಾವಾಸ್ಯೆಯಂದು ದೊರೆಗಳು ಮೂರು ಒಗಟು ಇಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ, ಮೇಲೊಂದು ಬೇಡಿಕೆ. ಒಂದು ತಪ್ಪಿದರೂ ಹೊತ್ತು ಮುಳುಗುವಾಗ ತಲೆದಂಡ!"

ಡಂಗುರದವನು ಕುಂಬಾರಕೇರಿಗೆ ಬಂದಾಗ ದುರುಗ ತಿಗರಿಯ ಮುಂದೆ ಕೂತಿದ್ದ. ಅರ್ಧ ರಾಜ್ಯದ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಮೇಲೊಂದು ಬೇಡಿಕೆ ಎಂದದ್ದು ಮಾತ್ರ ಬಿತ್ತು. ಅವನ ಅವ್ವ ಕೆಂಚವ್ವ ಸೆರೆಮನೆಯಲ್ಲಿದ್ದಳು. ಅದೇ ಅಮಾವಾಸ್ಯೆಯ ಸಂಜೆ ಅವಳಿಗೂ ತಲೆದಂಡ.

ಕೆಂಚವ್ವ ಅರಮನೆಯಲ್ಲಿ ದೀಪ ಹಚ್ಚುವವಳು. ಕೆಳಗಿನ ಪಡಸಾಲೆಯ ಗೂಡಿನಲ್ಲಿ ಅವಳಿಟ್ಟ ಹಣತೆಯಿಂದಲೇ ಬೆಂಕಿ ಹತ್ತಿತು, ಮೂರನೆಯ ಉಪ್ಪರಿಗೆಯಲ್ಲಿದ್ದ ರಾಣಿ ಪದ್ಮಲದೇವಿ ತೀರಿಕೊಂಡಳು ಎಂದು ಆಸ್ಥಾನ ತೀರ್ಮಾನಿಸಿತ್ತು. ಅಂದಿನಿಂದ ದೊರೆ ಬಿಜ್ಜರಸ ನಕ್ಕಿಲ್ಲ, ಕಣ್ಣು ಮುಚ್ಚಿಲ್ಲ. ಒಂದು ವರ್ಷ ನಿದ್ದೆಯಿಲ್ಲದೆ ಮನುಷ್ಯ ಬದುಕುತ್ತಾನೆಯೇ ಎಂದು ಕೇಳಬೇಡಿ, ದೊರೆಗಳ ಸಂಗತಿಯೇ ಬೇರೆ.

ಅಮಾವಾಸ್ಯೆಯ ಬೆಳಿಗ್ಗೆ, ಸುಟ್ಟು ಕಪ್ಪಾದ ಅದೇ ಪಡಸಾಲೆಯಲ್ಲಿ ಸಭೆ ಸೇರಿತು. ಒಗಟು ಬಿಡಿಸಲು ನೂರು ಜನ ಬಂದಿದ್ದರು. ಕೊಡಲಿ ಹಿಡಿದವನನ್ನು ನೋಡಿದ ಮೇಲೆ ನಾಲ್ವರು ಉಳಿದರು. ಕೊನೆಯವನು ದುರುಗ.

ಉತ್ತರ ಬರೆದ ತಾಳೆಗರಿ ಮಂತ್ರಿಯ ಕೈಯಲ್ಲಿತ್ತು. ದೊರೆ ಮೆಲ್ಲಗೆ ಕೇಳಿದ: "ನೂಲಿಲ್ಲ, ನೇಯ್ದವರಿಲ್ಲ, ಹೊದ್ದರೆ ಭಾರವಿಲ್ಲ. ಅಡ್ಡಾಡಲು ಬಿಟ್ಟರೆ ನಡುಗಿಸುತ್ತದೆ, ಕೂಡಿಹಾಕಿದರೆ ಬೆಚ್ಚಗಿಡುತ್ತದೆ. ಯಾವುದು ಆ ಕಂಬಳಿ?"

"ನಮ್ಮ ಅಂಗಡಿಯ ಶಾಲು, ಮಹಾಪ್ರಭು! ಉಂಗುರದೊಳಗೆ ತೂರುತ್ತದೆ," ಎಂದ ಜವಳಿ ವ್ಯಾಪಾರಿ. ಅವನನ್ನು ಎಳೆದೊಯ್ದರು.

"ಹೆಂಡತಿಯ ಪ್ರೀತಿ," ಎಂದ ಆಸ್ಥಾನದ ಕವಿ. ದೊರೆಯ ಮುಖ ಒಂದು ಗಳಿಗೆ ಕಲಕಿತು. ಆದರೂ ಎಳೆದೊಯ್ದರು.

ಮೂರನೆಯವನಾದ ಅಕ್ಕಸಾಲಿ ತಾನು ಹಿಂದೆ ಸರಿದು ದುರುಗನನ್ನು ಮುಂದೆ ತಳ್ಳಿದ. "ಹೋಗೋ, ಮಣ್ಣು ತುಳಿಯೋನೆ, ನೀನೇ ಹೇಳು."

ದುರುಗ ಕೈಮುಗಿದ. "ಗಾಳಿ, ದೊರೆ. ನಿಂತ ಗಾಳಿ. ಮಡಕೆಯೊಳಗೆ ಮಡಕೆ ಇಟ್ಟು ಬಾಯಿ ಮುಚ್ಚಿದರೆ, ನಡುವೆ ಸಿಕ್ಕಿದ ಗಾಳಿ ಒಳಗಿನ ಗಂಜಿಯನ್ನು ಆರಗೊಡೋದಿಲ್ಲ. ಹೊರಗಿನ ಬಿಸಿಲನ್ನೂ ಒಳಗೆ ಬಿಡೋದಿಲ್ಲ."

ಮಂತ್ರಿ ಗರಿ ನೋಡಿ ತಲೆಯಾಡಿಸಿದ. "ನಾನೂ ಅದನ್ನೇ ಹೇಳಬೇಕೆಂದಿದ್ದೆ!" ಎಂದು ಅಕ್ಕಸಾಲಿ ಕೂಗಿದ.

"ಹಾಗಾದರೆ ಎರಡನೆಯದು ನಿನ್ನದೇ," ಎಂದ ದೊರೆ. "ಬೆಂಕಿಗೆ ಹೋದದ್ದೆಲ್ಲ ಹಾಳಾಗುತ್ತದೆ. ಒಮ್ಮೆ ಬೆಂಕಿಯಲ್ಲಿ ಬೆಂದು ಬಂದ ಮೇಲೆ ಮತ್ತೆ ಬೆಂಕಿಗೆ ಬಗ್ಗದೆ ನಿಲ್ಲುವುದು ಯಾವುದು?"

"ಚಿನ್ನ, ಪ್ರಭು! ನಲವತ್ತು ವರ್ಷ ಕಾಯಿಸಿದ್ದೇನೆ!"

"ಭಂಡಾರದ ಚಿನ್ನವೆಲ್ಲ ಆ ದಿನ ಕರಗಿ ನೆಲಕ್ಕೆ ಅಂಟಿತ್ತು," ಎಂದ ದೊರೆ.

ಅಕ್ಕಸಾಲಿಯನ್ನೂ ಎಳೆದೊಯ್ದರು. ಈಗ ದುರುಗ ಒಬ್ಬನೇ. ಅವನ ಕಣ್ಣು ಗೋಡೆಯ ಗೂಡಿನ ಮೇಲೆ ನಿಂತಿತು. ವರ್ಷದಿಂದ ಯಾರೂ ಮುಟ್ಟದ ಬೂದಿಯ ನಡುವೆ ಹಣತೆಯೊಂದು ನೆಟ್ಟಗೆ ಕೂತಿತ್ತು. ಅವನದೇ ತಿಗರಿಯಲ್ಲಿ ಹುಟ್ಟಿದ್ದು. ಎತ್ತಿ ಒರೆಸಿದ. ಒಂದು ಸೀಳೂ ಇರಲಿಲ್ಲ.

"ಇದು, ದೊರೆ. ಸುಟ್ಟ ಮಣ್ಣು."

ಮಂತ್ರಿ ಮತ್ತೆ ತಲೆಯಾಡಿಸಿದ. ಹೊತ್ತು ಇಳಿಯುತ್ತಿತ್ತು. ದೊರೆ ಮೂರನೆಯದನ್ನು ಕೇಳಿದ: "ರಾಣಿಯ ಮೈಮೇಲೆ ಒಂದು ಸುಟ್ಟ ಗುರುತೂ ಇರಲಿಲ್ಲ. ಅವಳ ಕೋಣೆಗೆ ಬೆಂಕಿ ಕಾಲಿಡಲೇ ಇಲ್ಲ. ಅವಳನ್ನು ಕೊಂದವರು ಯಾರು?"

"ಹೊಗೆ, ದೊರೆ."

"ಹೊಗೆಗೆ ದಾರಿ ತೋರಿಸಿದ್ದು?"

ದುರುಗ ಗೂಡಿನ ಹಿಂಬದಿಯ ಬಿರುಕಿಗೆ ಬೆರಳು ತೂರಿಸಿದ. ಕರಿಕಲಾದ ಹತ್ತಿಯ ಎಳೆ ಬೆರಳಿಗೆ ಅಂಟಿ ಬಂತು.

"ಈ ಗೋಡೆ. ಹಣತೆ ಉರುಳಿಲ್ಲ ನೋಡಿ, ಅವ್ವ ಇಟ್ಟ ಕಡೆಯೇ ಇತ್ತು. ಬೇಸಗೆಯಲ್ಲಿ ತಂಪಿರಲಿ ಎಂದು ಜೋಡಿಗೋಡೆ ಕಟ್ಟಿ ನಡುವೆ ಬೂರುಗದ ಹತ್ತಿ ತುಂಬಿಸಿದ್ದಾರೆ. ಹತ್ತಿ ಗಾಳಿಯನ್ನು ಹಿಡಿದಿಡುತ್ತದೆ, ತಂಪೂ ಕೊಡುತ್ತದೆ. ಆದರೆ ಬಿರುಕಿನಲ್ಲಿ ಒಂದು ಕಿಡಿ ಹೋದರೆ ಸಾಕು. ತಳದಿಂದ ಮೂರನೆಯ ಉಪ್ಪರಿಗೆವರೆಗೆ ಎಲ್ಲೂ ಅಡ್ಡ ಇಲ್ಲ. ಇದು ಗೋಡೆಯಲ್ಲ ದೊರೆ, ನಿಲ್ಲಿಸಿದ ಒಲೆ."

"ತುಂಬಿಸಿದ್ದು ಯಾರು?"

ದುರುಗ ಸೆರೆಮನೆಯ ಕಡೆ ನೋಡಿದ. ಹೇಳಿದರೆ ತಲೆ ಹೋಗಬಹುದು, ಹೇಳದಿದ್ದರೆ ಅವ್ವ ಹೋಗುತ್ತಾಳೆ.

"ತಮ್ಮ ಅಪ್ಪಣೆ."

ಮಂತ್ರಿ ಗರಿ ನೋಡಿ ತಡವರಿಸಿದ. "ಪ್ರಭು... ಮೂರನೆಯ ಉತ್ತರ ಇಲ್ಲಿ ಬರೆದೇ ಇಲ್ಲ."

"ಬರೆಯಲು ಕೈ ಬಂದಿರಲಿಲ್ಲ," ಎಂದ ಬಿಜ್ಜರಸ. ಗರಿ ಇಸಿದುಕೊಂಡು ತಾನೇ ಎರಡಕ್ಷರ ಗೀರಿದ: ನಾನೇ. "ಬೇಡಿಕೆ ಏನು, ಹೇಳಪ್ಪ."

"ಅವ್ವನನ್ನು ಬಿಡಿ. ಒಳಗಿರುವ ಆ ಮೂವರನ್ನೂ ಬಿಡಿ, ದೊರೆ. ಒಂದು ಸಾವಿಗೆ ಎಷ್ಟು ತಲೆ?"

ನಾಲ್ವರೂ ಹೊತ್ತು ಮುಳುಗುವ ಮುಂಚೆ ಹೊರಬಂದರು. ಅರ್ಧ ರಾಜ್ಯವನ್ನು ದುರುಗ ಒಪ್ಪಿಕೊಂಡನೋ ಬಿಟ್ಟನೋ, ಕೇಳುವವರು ತಮಗೆ ಇಷ್ಟವಾದದ್ದನ್ನು ನಂಬಲಿ. ಹೊಸ ಅರಮನೆ ಕಟ್ಟುವ ಮುಂದಾಳತ್ವ ಅವನಿಗೇ ಬಂತು ಎಂಬುದು ಮಾತ್ರ ಖರೆ. ಎರಡು ಗೋಡೆಗಳ ನಡುವೆ ಅವನು ಬಾಯಿ ಮುಚ್ಚಿದ ಪುಟ್ಟ ಮಡಕೆಗಳನ್ನು ಸಾಲಾಗಿ ಹೂಡಿಸಿದ, ಸಾಲು ಸಾಲಿನ ನಡುವೆ ಮಣ್ಣು ತುಂಬಿಸಿದ. ಒಂದೊಂದು ಮಡಕೆಗೂ ಅದರದೇ ಗಾಳಿ. ಕಿಡಿಗೆ ದಾರಿಯಿಲ್ಲ, ಹೊಗೆಗೆ ಏಣಿಯಿಲ್ಲ.

ಹೊಸ ಅರಮನೆಯ ಮೊದಲ ಸಂಜೆ ಕೆಂಚವ್ವ ಅದೇ ಹಳೆಯ ಹಣತೆ ಹಿಡಿದು ಗೂಡಿನ ಮುಂದೆ ನಿಂತಳು. ಬತ್ತಿಗೆ ಬೆಂಕಿ ಮುಟ್ಟಿಸಲಾರಳು.

ದೊರೆ ಗೋಡೆಯ ಆಚೆ ಬದಿಗೆ ಹೋಗಿ ಅಂಗೈ ಊರಿ ನಿಂತ. "ಹಚ್ಚು ತಾಯಿ, ನನ್ನ ಕೈ ಇಲ್ಲೇ ಇದೆ."

ದೀಪ ಹತ್ತಿತು. ಗೋಡೆ ತಣ್ಣಗೇ ಇತ್ತು. ಎಣ್ಣೆ ತೀರುತ್ತ ಬಂದರೂ ದೊರೆ ಈಚೆ ಬರಲಿಲ್ಲವೆಂದು ದುರುಗ ಹೋಗಿ ಇಣುಕಿದ. ಬಿಜ್ಜರಸ ಗೋಡೆಗೆ ಕೆನ್ನೆ ಒರಗಿಸಿ ಮಗುವಿನಂತೆ ನಿದ್ದೆಹೋಗಿದ್ದ.