ಫಲಕದ ಬುಡದಲ್ಲಿ ಇದ್ದವರು

ಅಮೆರಿಕದ ಒಂದು ಹುಲ್ಲುಬಯಲಿನಲ್ಲಿ, ಹೆದ್ದಾರಿಯ ಪಕ್ಕ, ಕಬ್ಬಿಣದ ಕಂಬದ ಮೇಲೆ ಕಂಚಿನ ಸ್ಮಾರಕ ಫಲಕವೊಂದು ಅರವತ್ತು ವರ್ಷಗಳಿಂದ ನಿಂತಿತ್ತು. ‘ಈ ನೆಲಕ್ಕೆ ಮೊದಲು ಕಾಲಿಟ್ಟವರು ಕ್ಯಾಪ್ಟನ್ ಹ್ಯಾಲರನ್. ಅದಕ್ಕೆ ಮುಂಚೆ ಇಲ್ಲಿ ಯಾರೂ ಇರಲಿಲ್ಲ’ ಎಂದು ಅದರ ಮೇಲೆ ಬರೆದಿತ್ತು. ಬಂದವರು ಓದಿ ತಲೆಬಾಗುತ್ತಿದ್ದರು. ಫಲಕಕ್ಕೆ ಅದೇ ಹೆಮ್ಮೆ.

ಒಂದು ಬೆಳಿಗ್ಗೆ ಮೊಲವೊಂದು ಅದರ ಬುಡದಲ್ಲಿ ಬಿಲ ತೋಡತೊಡಗಿತು.

“ಯಾರಪ್ಪಣೆಯಿಂದ ಅಗೆಯುತ್ತೀಯೆ? ಇದು ಇತಿಹಾಸದ ಜಾಗ!” ಎಂದು ಫಲಕ ಗದರಿತು.

“ಕ್ಷಮಿಸಿ ಸ್ವಾಮಿ, ಮುಂದೆ ಹೋಗಲು ನನಗೂ ದಾರಿಯಿಲ್ಲ,” ಎಂದಿತು ಮೊಲ. “ಒಳಗೆ ತಾಯಿಯೊಬ್ಬಳು ಮಗುವನ್ನು ತಬ್ಬಿಕೊಂಡು ಮಲಗಿದ್ದಾಳೆ. ಇಬ್ಬರೂ ಬರೀ ಮೂಳೆ. ಮಗುವಿನ ಕೊರಳಲ್ಲಿ ಚಿಪ್ಪಿನ ಸರವಿದೆ.”

“ಸುಳ್ಳು! ಇಲ್ಲಿ ಯಾರೂ ಇರಲಿಲ್ಲ.”

“ಇದ್ದರು ಸ್ವಾಮಿ. ನಿಮ್ಮ ಕಂಬ ಆ ತಾಯಿಯ ಪಕ್ಕೆಲುಬುಗಳ ನಡುವೆಯೇ ಇಳಿದಿದೆ.”

ಫಲಕ ನಡುಗಿಹೋಯಿತು. “ಬುಡದ ಮಣ್ಣೆಲ್ಲ ತೆಗೆದುಬಿಡು, ನನ್ನನ್ನು ಕೆಡವು,” ಎಂದು ಬೇಡಿಕೊಂಡಿತು.

ಮೊಲ ಮೂರು ದಿನ ಬಿಡದೆ ಅಗೆಯಿತು. ನಾಲ್ಕನೆಯ ದಿನ ಫಲಕ ಬೋರಲಾಗಿ ಬಿತ್ತು.

ವಾರ ಕಳೆಯುವುದರೊಳಗೆ ರಸ್ತೆ ಕೆಲಸದವರಿಬ್ಬರು ಲಾರಿಯಲ್ಲಿ ಬಂದರು. ಅವರಲ್ಲಿ ಡೆಲ್ಬರ್ಟ್ ಎಂಬವನು ಗುಂಡಿಯೊಳಗೆ ಬಗ್ಗಿ ನೋಡಿ ಥಟ್ಟನೆ ಹಿಂದೆ ಸರಿದ.

“ಏನಯ್ಯಾ ಇದೆ ಅದರಲ್ಲಿ?” ಎಂದ ಜೊತೆಯವನು.

ಡೆಲ್ಬರ್ಟ್ ಫಲಕವನ್ನು ಹೊರಳಿಸಿ, ಬರಹವನ್ನು ಎರಡು ಸಲ ಓದಿದ.

“ಮೊಲದ ಬಿಲ,” ಎಂದ. “ಕಾಂಕ್ರೀಟ್ ಸುರಿ.”