ಗುರುಮಲ್ಲನೂ ಕರೆಂಟು ಹೊಡೆಯುವ ಗ್ರೈಂಡರೂ

ಕತೆ ಕೇಳುವವರು ಮೊದಲು ಒದ್ದೆ ಕೈ ಒರೆಸಿಕೊಂಡು ಕೂತುಕೊಳ್ಳಿ. ಇದು ಕರೆಂಟಿನ ಕತೆ.

ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ, ಉಳಿದವನು ಒಬ್ಬನೇ ಮಗ ಗುರುಮಲ್ಲ. ಆಳು ನೋಡಿದರೆ ಬಾಗಿಲು ತುಂಬ ಇದ್ದಾನೆ, ಬುದ್ಧಿ ಮಾತ್ರ ಇನ್ನೂ ಹೊಸ್ತಿಲ ಆಚೆಗೇ ನಿಂತಿದೆ. ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ ಅಂತ ಬೇರೆ ತಾಯಂದಿರು ಅಳುತ್ತಾರೆ. ದೊಡ್ಡತಾಯಮ್ಮ ಅಳುತ್ತಿದ್ದದ್ದು, ಈ ನನ್ನ ಮಗ ಹೇಳಿದ್ದನ್ನೆಲ್ಲ ಕೇಳುತ್ತಾನಲ್ಲಪ್ಪ ಅಂತ. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದು, ಬೈದು ಬೈದು ಮತ್ತೆ ಅವನ ತಟ್ಟೆಗೇ ಎರಡು ಇಡ್ಲಿ ಹೆಚ್ಚಿಗೆ ಹಾಕುತ್ತಿದ್ದಳು.

ಇಡ್ಲಿಗೇನು ಬರವಿರಲಿಲ್ಲ. ಅವರ ಮನೆಯಲ್ಲಿ ಒಂದು ಗ್ರೈಂಡರಿತ್ತು. ಅರ್ಧ ಬೀದಿಗೆ ಇಡ್ಲಿ ಹಿಟ್ಟು, ದೋಸೆ ಹಿಟ್ಟು ರುಬ್ಬಿ ಕೊಟ್ಟೇ ತಾಯಿಮಗ ಇಬ್ಬರ ಹೊಟ್ಟೆ ನಡೆಯುತ್ತಿತ್ತು. ಹಳೇ ಗ್ರೈಂಡರು. ಮುಟ್ಟಿದರೆ ಒಂದೊಂದು ದಿನ ಜುಮ್ಮೆನ್ನುತ್ತಿತ್ತು, ಒಂದೊಂದು ದಿನ ಕರುವಿನ ಹಾಗೆ ಸುಮ್ಮನಿರುತ್ತಿತ್ತು. ಒಂದು ದಿನ ಗುರುಮಲ್ಲ ಒದ್ದೆ ಕೈಯಲ್ಲಿ ಮುಟ್ಟಿ, ಹೊಡೆದ ಹೊಡೆತಕ್ಕೆ ಗೋಡೆಗೆ ಹೋಗಿ ಬಿದ್ದ. ದೊಡ್ಡತಾಯಮ್ಮ ಹೆದರಿ, ಊರಿನ ಕರೆಂಟು ಕೆಲಸದ ಶಿವಮಾದುವನ್ನು ಕರೆಸಿದಳು.

ಶಿವಮಾದು ಟೆಸ್ಟರ್ ಇಟ್ಟು ನೋಡಿ ತಲೆ ಕೊಡವಿದ. "ಅಕ್ಕ, ಇವತ್ತು ಜುಮ್ಮನ್ನುಸ್ತದೆ, ನಾಳೆ ಜೀವಾನೇ ತಗೀತದೆ. ಅರ್ತಿಂಗ್ ಇಲ್ಲ ಇದ್ಕೆ," ಅಂದ. ಗ್ರೈಂಡರಿನ ಮೈಗೆ ಕರೆಂಟು ಸೋರುತ್ತಿದೆ, ಸೋರಿದ್ದು ಭೂಮಿಗಿಳಿಯೋಕೆ ದಾರಿ ಬೇಕು, ನಾವು ದಾರಿ ಮಾಡಿಕೊಡದಿದ್ದರೆ ಅದು ಮುಟ್ಟಿದವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತೆ ಅಂತ ಬಿಡಿಸಿ ಹೇಳಿದ. ಗೋಡೆಗೆ ಮೂರು ತೂತಿನ ಹೊಸ ಪ್ಲಗ್ಗು ಕೂರಿಸಿದ. ಹಿತ್ತಿಲಲ್ಲಿ ಗುರುಮಲ್ಲನ ಕೈಯಲ್ಲಿ ಆಳುದ್ದ ಗುಂಡಿ ತೋಡಿಸಿ, ವೈರು ಕಟ್ಟಿದ ತಾಮ್ರದ ತಗಡು ಇಳಿಸಿ, ಉಪ್ಪು ಇದ್ದಿಲು ಸುರಿಸಿದ. ಅಷ್ಟರಲ್ಲಿ ಪಕ್ಕದೂರಿಂದ ಯಾರೋ ಅವಸರಕ್ಕೆ ಕರೆದರು. ಗುಂಡಿ ಮುಚ್ಚಿ ದಿನಾ ನೀರು ಹೊಯ್ಯಿ, ಈ ವೈರನ್ನ ನಾಳೆ ಬಂದು ಪ್ಲಗ್ಗಿಗೆ ಸೇರಿಸ್ತೀನಿ ಅಂತ ಹೇಳಿ ಹೋದ.

ದೊಡ್ಡತಾಯಮ್ಮ ಒಳಗಿಂದಲೇ ಕೂಗಿದಳು: "ಗುಂಡಿ ಮ್ಯಾಗೆ ಏನೂ ಚಾಚ್ಕಂಡಿರಬಾರ್ದು ಕಣ್ಲಾ, ಕತ್ಲಲ್ಲಿ ಎಡವಿ ಬಿದ್ದೇವು."

ಏನೂ ಚಾಚಿಕೊಂಡಿರಬಾರದು ಅಂದಮೇಲೆ ಮುಗಿಯಿತು. ಗುರುಮಲ್ಲ ವೈರನ್ನೂ ಚೆನ್ನಾಗಿ ಸುತ್ತಿ ಗುಂಡಿಗಿಳಿಸಿ, ಮೇಲೆ ಮಣ್ಣೆಳೆದು, ತುಳಿದು, ಸಾರಿಸಿದ. ಅಂಗೈಯಷ್ಟು ಸಮ. ಊರೆಲ್ಲ ಕೆಲಸವಿದ್ದ ಶಿವಮಾದುವಿಗೆ ನಾಳೆ ಅನ್ನುವುದು ಬರಲೇ ಇಲ್ಲ. ಮಾರನೇ ದಿನ ದೊಡ್ಡತಾಯಮ್ಮ ಗಿರಾಕಿಗಳಿಗೆ ಹಿಟ್ಟು ಕೊಟ್ಟು ಬಂದು ನೋಡಿದಳು, ಗುಂಡಿ ಮುಚ್ಚಿದೆ, ಪ್ಲಗ್ಗು ಹೊಳೆಯುತ್ತಿದೆ. ತಾನಿಲ್ಲದಾಗ ಬಂದು ಮುಗಿಸಿ ಹೋಗಿದ್ದಾನೆ ಅಂದುಕೊಂಡಳು. ಗ್ರೈಂಡರಿನ ಜೀವ ತೆಗೆಯುವ ಬುದ್ಧಿ ಹಾಗೇ ಉಳಿದಿತ್ತು. ಅದು ನಿಮಗೂ ಗೊತ್ತು, ನನಗೂ ಗೊತ್ತು, ಪಾಪ ಅವಳಿಗೊಬ್ಬಳಿಗೆ ಗೊತ್ತಿರಲಿಲ್ಲ. ಗುರುಮಲ್ಲ ದಿನಾ ಗುಂಡಿಗೆ ನೀರು ಹೊಯ್ದ. ಮಳೆ ಬಂದ ದಿನ ಕೊಡೆ ಹಿಡಿದುಕೊಂಡು ಹೊಯ್ದ.

ಏನೇ ಇರಲಿ ಅಂತ ತಾಯಿ ಮಗನಿಗೆ ಒಂದು ಬುದ್ಧಿ ಹೇಳಿಕೊಟ್ಟಳು. "ಕರೆಂಟಿಂದು ಏನೇ ಮುಟ್ಟೋದಿದ್ರೂ ಕಾಲ್ಗೆ ರಬ್ಬರ್ ಚಪ್ಲಿ ಹಾಕ್ಕಂಡೇ ಮುಟ್ಟು." ತಾನೂ ಹಾಗೇ ಮಾಡುತ್ತಿದ್ದಳು.

ಊರಿನ ಮಾರಿಗುಡಿಯಲ್ಲಿ ಕರೆಂಟಿನ ನಗಾರಿ ಇದೆ. ಸ್ವಿಚ್ಚು ಹಾಕಿದರೆ ನಗಾರಿ, ಗಂಟೆ, ಜಾಗಟೆ ಎಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. ಒಂದು ಮಂಗಳವಾರ ಪೂಜಾರಪ್ಪನ ಎರಡು ಕೈಯಲ್ಲೂ ಆರತಿ ಸಾಮಾನಿತ್ತು, ಎದುರಿಗಿದ್ದ ಗುರುಮಲ್ಲನಿಗೆ ಸ್ವಿಚ್ಚು ಹಾಕು ಅಂದ. ಗುರುಮಲ್ಲ ಹೊರಗೋಡಿದ. ಹೊರಗೆ ಬಿಟ್ಟಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಂಡ, ಪಟಪಟ ಸದ್ದು ಮಾಡುತ್ತ ದೇವರ ಮುಂದಕ್ಕೇ ಬಂದು ಸ್ವಿಚ್ಚು ಹಾಕಿದ. ನಗಾರಿ ಬಡಿಯಿತು, ಪೂಜಾರಪ್ಪ ಅದಕ್ಕಿಂತ ಜೋರಾಗಿ ಬಡಿದುಕೊಂಡ.

ತಾಯಿ ಮನೆಯಲ್ಲಿ ಕೂರಿಸಿಕೊಂಡು ಬೈದಳು. ನೀನು ಕರೆಂಟಿನ ಸಾಮಾನಿನ ತಂಟೆಗೇ ಹೋಗಬೇಡ, ಗುಡುಗು ಕೇಳಿದಾಗ ಮಾತ್ರ ಓಡಿಹೋಗಿ ಪ್ಲಗ್ಗು ಕಿತ್ತುಬಿಡು, ಅಷ್ಟು ಮಾಡಿದರೆ ಸಾಕು ಅಂದಳು. ಸಿಡಿಲಿನ ಕರೆಂಟು ತಂತಿ ಹಿಡಿದು ಬಂದು ಪಕ್ಕದ ಮನೆಯ ಟೀವಿ ಸುಟ್ಟಿತ್ತು, ಅವಳಿಗೆ ತನ್ನ ಗ್ರೈಂಡರಿನ ಚಿಂತೆ.

ಆಮೇಲೆ ಬೀದಿಯಲ್ಲೊಂದು ಮದುವೆ ಬಂತು. ಚಪ್ಪರ ಹಾಕಿ, ದೀಪ ಕಟ್ಟಿ, ವಿಡಿಯೋದವನನ್ನು ಕರೆಸಿದ್ದರು. ಗಂಡು ತಾಳಿ ಎತ್ತಿದ, ಐನೋರು ಗಟ್ಟಿಮೇಳ ಅಂದರು, ಓಲಗದವರು ಡೋಲು ಹರಿದುಹೋಗುವ ಹಾಗೆ ಬಾರಿಸಿದರು. ಅದು ಗುರುಮಲ್ಲನ ಕಿವಿಗೆ ಥೇಟು ಗುಡುಗೇ. ಕೈಯಲ್ಲಿದ್ದ ಅಕ್ಷತೆ ಅಲ್ಲೇ ಚೆಲ್ಲಿ ಓಡಿದ, ಸಿಕ್ಕ ಸಿಕ್ಕ ಪ್ಲಗ್ಗೆಲ್ಲ ಕಿತ್ತ. ದೀಪ ಹೋಯಿತು, ಫ್ಯಾನು ನಿಂತಿತು. ಗಂಡು ಅಂದಾಜಿನಲ್ಲೇ ಗಂಟು ಹಾಕಿದ. ಈಗಲೂ ಆ ಮನೆಯಲ್ಲಿ ಮದುವೆ ವಿಡಿಯೋ ಹಾಕಿದರೆ, ತಾಳಿ ಕಟ್ಟುವ ಹೊತ್ತಿಗೆ ಬರೀ ಕತ್ತಲೆ, ಅದರೊಳಗೆ ಯಾರೋ ಕೆಮ್ಮುವುದು ಮಾತ್ರ ಕೇಳುತ್ತೆ.

ಚಪ್ಪರಕ್ಕೆ ದೀಪ ಕಟ್ಟಿದ್ದವನು ಶಿವಮಾದುವೇ. ಈ ಸಲ ಬೈಯುವ ಸರದಿ ಅವನದು. ಸದ್ದು ಕೇಳಿಕೊಂಡು ಕುಣಿಯಬೇಡ, ಮನುಷ್ಯರನ್ನು ನೋಡು ಅಂದ. ಯಾರಾದರೂ ಕಬ್ಬಿಣ ಹಿಡಿದು ಗಡಗಡ ನಡುಗುತ್ತಿದ್ದರೆ ಅದು ಕರೆಂಟು, ಕೈಯಲ್ಲಿ ಮುಟ್ಟಿದರೆ ನೀನೂ ಹೋಗುತ್ತೀಯ, ಒಣಗಿದ ಮರದ ದೊಣ್ಣೆ ತಗೊಂಡು ಹೊಡೆದು ಬಿಡಿಸು ಅಂತ ಹೇಳಿಕೊಟ್ಟ. ಬಂದವನು ಅರ್ತಿಂಗ್ ವೈರಿನ ವಿಚಾರ ಎತ್ತಬಾರದಿತ್ತೇ? ಎತ್ತಲಿಲ್ಲ. ಸಿಟ್ಟು ಬಂದವರಿಗೆ ಕೆಲಸದ ಮಾತು ಮರೆತೇಹೋಗುತ್ತೆ.

ನಿಮಗೆ ಗೊತ್ತಲ್ಲ, ಮಾರಿಗುಡಿ ಅಂದಮೇಲೆ ಒಬ್ಬರ ಮೈಮೇಲೆ ಅಮ್ಮ ಬರಲೇಬೇಕು. ಆ ಊರಲ್ಲಿ ಪುಟ್ಟಸಿದ್ದಮ್ಮನ ಮೇಲೆ ಬರುತ್ತಿದ್ದಳು. ಮುಂದಿನ ಮಂಗಳವಾರ ಪುಟ್ಟಸಿದ್ದಮ್ಮ ಕೂದಲು ಬಿಚ್ಚಿ, ಗುಡಿಯ ಕಬ್ಬಿಣದ ಸರಳು ಹಿಡಿದು ಗಡಗಡ ನಡುಗಿದಳು. ಜನ ಕೈಮುಗಿದು ನಿಂತರು. ಗುರುಮಲ್ಲನೊಬ್ಬ ದೊಣ್ಣೆ ಹುಡುಕಿದ, ಒಣಗಿದೆಯೋ ಇಲ್ಲವೋ ಅಂತ ಮುಟ್ಟಿಯೂ ನೋಡಿದ, ತಂದು ಅವಳ ತೋಳಿಗೆ ಎರಡು ಬಿಟ್ಟ. ಅಮ್ಮ ಅಷ್ಟು ಬೇಗ ಇಳಿದುಹೋದದ್ದು ಆ ಗುಡಿಯಲ್ಲಿ ಅದೇ ಮೊದಲು. ಉಳಿದ ಪುಟ್ಟಸಿದ್ದಮ್ಮ ಬರೀ ಪುಟ್ಟಸಿದ್ದಮ್ಮನಾಗಿ ಗುರುಮಲ್ಲನ ಮೂರು ತಲೆಮಾರನ್ನೂ ಜಾಲಾಡಿದಳು.

ದೊಡ್ಡತಾಯಮ್ಮನಿಗೆ ನಾಚಿಕೆಗಿಂತ ಹೆದರಿಕೆ ಹೆಚ್ಚಾಯಿತು. ಮಗನ ತಪ್ಪು ಹೊಟ್ಟೆಗೆ ಹಾಕ್ಕೋ ತಾಯಿ, ಬರುವ ಮಂಗಳವಾರದ ತನಕ ಕಾಲಿಗೆ ಚಪ್ಪಲಿ ಮೆಟ್ಟೋಲ್ಲ ಅಂತ ಅಲ್ಲೇ ಹರಕೆ ಹೊತ್ತಳು. ಮನೆಗೆ ಬಂದು ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಅಮ್ಮ ಬಂದೋರ್ಗೆ ಹೊಡೆದಾರೇನ್ಲಾ? ಪೂಜಾರಪ್ಪ ಏನ್ ಮಾಡ್ತಾನೆ, ನೋಡಿಲ್ವ? ಮೊದ್ಲು ಲೈಟೆಲ್ಲ ಆರುಸ್ಬೇಕು. ಆಮ್ಯಾಕೆ ಕರ್ಪೂರ ಹಚ್ಚಿ ಆರತಿ ಎತ್ತಿ, ಏನ್ ಬೇಕು ತಾಯಿ ಅಂತ ಕೇಳ್ಬೇಕು. ತಿಳೀತಾ?"

ತಿಳಿಯಿತು ಅಂದ ಗುರುಮಲ್ಲ. ಪೆದ್ದನಿಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಅನ್ನುತ್ತಾರೆ. ಸುಳ್ಳು. ಈ ಕಲ್ಲು ಒಂದು ಹನಿಯನ್ನೂ ಬಿಡದೆ ಕುಡಿಯುತ್ತಿತ್ತು.

ಎರಡು ದಿನ ಕಳೆಯಿತು. ದೀಪ ಹಚ್ಚುವ ಹೊತ್ತು. ದೊಡ್ಡತಾಯಮ್ಮ ಉದ್ದಿನಬೇಳೆ ರುಬ್ಬುತ್ತಿದ್ದಳು. ನೆಲವೆಲ್ಲ ಒದ್ದೆ, ಕೈಯೆಲ್ಲ ಹಿಟ್ಟು, ಹರಕೆಯ ಕಾಲು ಬರಿಗಾಲು. ಹಿಟ್ಟು ತಳ್ಳುವುದಕ್ಕೆ ಒಂದು ಕೈ ಪಾತ್ರೆಗೆ ಹಾಕಿ, ಇನ್ನೊಂದು ಕೈಯಲ್ಲಿ ಗ್ರೈಂಡರಿನ ಮೈ ಹಿಡಿದಳು. ಹಿಡಿದ ಕೈ ಬಿಡಲಿಲ್ಲ. ಬಾಯಿ ತೆರೆದಳು, ಸದ್ದು ಬರಲಿಲ್ಲ. ಗಡಗಡ ನಡುಗಿದಳು, ತುರುಬು ಬಿಚ್ಚಿ ಬೆನ್ನ ಮೇಲೆ ಬಿತ್ತು.

ಬಾಗಿಲಲ್ಲಿ ಗುರುಮಲ್ಲ ನಿಂತಿದ್ದ. ನೋಡಿದ. ಕೂದಲು ಬಿಚ್ಚಿದೆ, ಮೈ ನಡುಗುತ್ತಿದೆ. ಅವ್ವನ ಮೈಮೇಲೆ ಅಮ್ಮ ಬಂದಿದ್ದಾಳೆ ಅಂದುಕೊಂಡ. ಬಾಗಿಲ ಹಿಂದೆಯೇ ದೊಣ್ಣೆ ಇತ್ತು, ಅದರ ಕಡೆ ಕಣ್ಣೂ ಹಾಕಲಿಲ್ಲ. ಅಯ್ಯೋ ಪಾಪಿ, ದೊಣ್ಣೆ ತಗೊಳ್ಳೋ ಅಂತ ನಾನು ಇಲ್ಲಿಂದ ಕೂಗಿದರೆ ಅವನಿಗೆ ಕೇಳುತ್ತದೆಯೇ? ಕೈಮುಗಿದ. ಮೊದಲು ಲೈಟೆಲ್ಲ ಆರಿಸಬೇಕು. ಅಡುಗೆಮನೆಯ ಲೈಟು ಆರಿಸಿದರೆ ಸಾಲದು, ನಡುಮನೆಯದೂ ಇದೆ, ಹಿತ್ತಿಲದೂ ಇದೆ. ಎಲ್ಲ ಅಂದರೆ ಎಲ್ಲ. ಬಾಗಿಲ ಮೇಲಿದ್ದ ಮೇನ್ ಸ್ವಿಚ್ಚಿಗೆ ಕೈ ಹಾಕಿ ಕೆಳಗೆಳೆದ.

ಮನೆ ಕತ್ತಲಾಯಿತು. ಗ್ರೈಂಡರು ನಿಂತಿತು. ದೊಡ್ಡತಾಯಮ್ಮ ಕೈಬಿಟ್ಟು ಧೊಪ್ಪನೆ ಕುಸಿದು ಬಿದ್ದಳು.

ಗುರುಮಲ್ಲ ಸಾವಕಾಶವಾಗಿ ಕರ್ಪೂರ ಹುಡುಕಿ, ತಟ್ಟೆಯಲ್ಲಿ ಹಚ್ಚಿಕೊಂಡು ಬಂದು ಆರತಿ ಎತ್ತಿದ. ದೊಡ್ಡತಾಯಮ್ಮ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಆ ಬೆಳಕು, ಅದರ ಹಿಂದೆ ಮಗನ ಮುಖ.

"ಏನ್ ಬೇಕು ತಾಯಿ?" ಅಂದ.

ಅವಳಿಗೆ ಅಳು ಉಕ್ಕಿ ಬಂತು. "ಏನೂ ಬ್ಯಾಡ ಮಗ, ಇಲ್ಲೇ ಕೂತ್ಕೊ," ಅಂದಳು. ಕೂತ. ವಿಷಯ ತಿಳಿದು ಶಿವಮಾದು ಓಡಿ ಬಂದಾಗಲೂ, ಆರಿದ ಕರ್ಪೂರದ ತಟ್ಟೆ ಹಿಡಿದುಕೊಂಡು ಅಲ್ಲೇ ಕೂತಿದ್ದ.

ಶಿವಮಾದು ತಲೆ ತಲೆ ಚಚ್ಚಿಕೊಂಡು ಗುಂಡಿ ಬಗೆದು, ವೈರು ಎತ್ತಿ, ಸೇರಿಸಿದ. ಮೊದಲು ಮೇನ್ ಆರಿಸಬೇಕು ಅನ್ನುವುದನ್ನ ನಾನೇ ಹೇಳಿಕೊಟ್ಟಿರಲಿಲ್ಲ ಅಂತ ಒಪ್ಪಿಕೊಂಡ. ಕರೆಂಟು ಒಂಚೂರು ಸೋರಿದರೂ ತಾನಾಗೇ ಸ್ವಿಚ್ಚು ಬಿದ್ದು ಮನೆಯನ್ನೆಲ್ಲ ಆರಿಸುವ ಒಂದು ಪೆಟ್ಟಿಗೆಯನ್ನೂ ಗೋಡೆಗೆ ಹಾಕಿದ. ಇನ್ನು ಹೆದರಿಕೆ ಇಲ್ಲ ಅಂದ.

ಹೆದರಿಕೆ ಏನೋ ಹೋಯಿತು. ಆದರೆ ಗುರುಮಲ್ಲನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತ್ತು, ಲೈಟೆಲ್ಲ ಆರಿತು ಅಂದರೆ ಆರತಿಯ ಹೊತ್ತು. ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಉಂಟೇ? ಹೋದಾಗಲೆಲ್ಲ ಅವನು ತಟ್ಟೆ ಹಿಡಿದು ಬಂದು ತಾಯಿಯ ಮುಂದೆ ನಿಲ್ಲುತ್ತಾನೆ. ಉಣ್ಣುತ್ತಿದ್ದರೂ ಬಿಡುವುದಿಲ್ಲ, ಬಟ್ಟೆ ಒಗೆಯುತ್ತಿದ್ದರೂ ಬಿಡುವುದಿಲ್ಲ. ಆರತಿ ಎತ್ತಿ, ಏನು ಬೇಕು ತಾಯಿ ಅಂತ ಕೇಳುತ್ತಾನೆ. ಅವಳು ಸೆರಗು ಸರಿಮಾಡಿಕೊಂಡು, ಏನೂ ಬೇಡ ಅನ್ನುತ್ತಾಳೆ.

ಒಂದು ಸಂಜೆ ಹಿಟ್ಟಿಗೆ ಬಂದ ಪುಟ್ಟಸಿದ್ದಮ್ಮ ಇದನ್ನು ನೋಡಿ, ಬೈದು ಬುದ್ಧಿ ಹೇಳಬಾರದೇ ಈ ಪೆದ್ದನಿಗೆ ಅಂದಳು.

"ಸುಮ್ನಿರಕ್ಕ," ಅಂದಳು ದೊಡ್ಡತಾಯಮ್ಮ. "ಹೊಸದು ಹೇಳ್ಕೊಟ್ರೆ ಇದ್ನ ಮರ್ತ್‌ಬುಡ್ತಾನೆ."

ಹಾಗಂದು ಎರಡೂ ಕೈ ಚಾಚಿ ಆರತಿ ತಗೊಂಡು ಕಣ್ಣಿಗೊತ್ತಿಕೊಂಡಳು. ಗುರುಮಲ್ಲ ತಟ್ಟೆಯನ್ನು ಪುಟ್ಟಸಿದ್ದಮ್ಮನ ಕಡೆಗೂ ಹಿಡಿದ. ಅವಳು ತೋಳು ಸವರಿಕೊಂಡು, ಒಂದು ಹೆಜ್ಜೆ ಹಿಂದೆ ನಿಂತುಕೊಂಡೇ ಆರತಿ ತಗೊಂಡಳು.